ಕಚ್ಚಿಯೂ ಕಚ್ಚದ ಆಟ: ಪ್ರಾಣಿಗಳ ನೀತಿಯ ಕುರಿತು ಓದುಗರ ಪ್ರಶ್ನೆಗಳು

ಪ್ರಾಣಿಗಳ ಆಟದ ವಿಷಯವಾಗಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂದೇಹದ ಸುತ್ತ ತಿರುಗುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೆಲವನ್ನು ಚಿಕ್ಕದಾಗಿಸಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಎರಡು ನಾಯಿಗಳು ಒಂದನ್ನೊಂದು ಕಚ್ಚುತ್ತ ನೆಲದಲ್ಲಿ ಉರುಳಾಡುತ್ತವೆ, ಆದರೂ ಯಾವುದಕ್ಕೂ ಗಾಯವಾಗುವುದಿಲ್ಲ. ಇದರಲ್ಲಿ ಪ್ರಾಣಿಗಳ ನ್ಯಾಯಪ್ರಜ್ಞೆ ಕಾಣಿಸುತ್ತದೆಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆಂದು ಓದಿದೆ. ಇದು ಹುಟ್ಟಿನಿಂದಲೇ ಬಂದ ಬೇಟೆಯ ಅಭ್ಯಾಸ ಅಷ್ಟೇ ಅಲ್ಲವೇ? ಇದಕ್ಕೆ ನೀತಿ ಎಂಬ ದೊಡ್ಡ ಹೆಸರು ಏಕೆ?

ಉತ್ತರ: ಸಂದೇಹ ಸರಿಯಾದದ್ದೇ. ಆದರೆ ಅಭ್ಯಾಸ, ನೀತಿ ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಒಂದು ವರ್ತನೆ ಯಾವ ಪ್ರಯೋಜನದ ದೆಸೆಯಿಂದ ವಿಕಾಸದಲ್ಲಿ ಉಳಿದುಬಂತು ಎಂಬುದು ಒಂದು ಪ್ರಶ್ನೆ. ಆ ವರ್ತನೆಯಲ್ಲಿ ತೊಡಗಿರುವಾಗ ಪ್ರಾಣಿಗಳು ಯಾವ ಕಟ್ಟುಪಾಡುಗಳಿಗೆ ಒಳಪಟ್ಟು ನಡೆಯುತ್ತವೆ ಎಂಬುದು ಬೇರೆಯೇ ಪ್ರಶ್ನೆ. ಆಟವು ಮುಂದಿನ ಬದುಕಿಗೆ ತಾಲೀಮು ಎಂಬ ವಾದವನ್ನು ಕಾರ್ಲ್ ಗ್ರೂಸ್ ಅವರು 1896ರಲ್ಲೇ ವಿಸ್ತಾರವಾಗಿ ಮಂಡಿಸಿದ್ದರು. ಅದು ಪೂರ್ತಿ ನಿಜವೆಂದು ಇಟ್ಟುಕೊಂಡರೂ, ಕಾದಾಟದ ತಾಲೀಮು ನಡೆಯಬೇಕಾದರೆ ಎದುರಿಗೆ ಜೊತೆಗಾರನೊಬ್ಬ ಬೇಕು, ಅವನು ಹೆದರಿ ಓಡದೆ ನಿಲ್ಲಬೇಕು, ಈ ಕಚ್ಚು ನಿಜವಾದ ಕಚ್ಚಲ್ಲ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಈ ಷರತ್ತುಗಳು ಹೇಗೆ ಪೂರೈಕೆಯಾಗುತ್ತವೆ ಎಂಬಲ್ಲಿಂದ ನೀತಿಯ ಚರ್ಚೆ ಆರಂಭವಾಗುತ್ತದೆ.

ನಾಯಿ, ತೋಳ, ಉತ್ತರ ಅಮೆರಿಕದ ತೋಳದಂಥ ಕಾಡುಪ್ರಾಣಿಯಾದ ಕಯೋಟಿ ಇವೆಲ್ಲವೂ ಆಟಕ್ಕೆ ಕರೆಯುವಾಗ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುತ್ತವೆ. ಕೊಲರಾಡೊ ವಿಶ್ವವಿದ್ಯಾಲಯದ ಮಾರ್ಕ್ ಬೆಕಾಫ್ ಅವರು ಈ ಆಹ್ವಾನ ಭಂಗಿಯನ್ನು ದಶಕಗಳ ಕಾಲ ಅಭ್ಯಸಿಸಿದವರು. ಆಟದ ದೃಶ್ಯಗಳನ್ನು ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ನೋಡಿ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಭಂಗಿ ಆಟದ ಆರಂಭದಲ್ಲಿ ಮಾತ್ರ ಕಾಣಿಸುವುದಿಲ್ಲ. ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಡಬಹುದಾದ ಚಲನೆಗಳ, ಮುಖ್ಯವಾಗಿ ಕಚ್ಚಿ ತಲೆಯನ್ನು ಅತ್ತಿತ್ತ ಜೋರಾಗಿ ಅಲ್ಲಾಡಿಸುವ ಚಲನೆಯ, ಹಿಂದೆ ಅಥವಾ ಮುಂದೆ ಅದು ಬರುತ್ತದೆ. ಬೇಟೆಯಲ್ಲಿ ಬಲಿಯನ್ನು ಕೊಲ್ಲುವ ಚಲನೆ ಅದೇ ಆದ್ದರಿಂದ, ಅದರ ಅಕ್ಕಪಕ್ಕದಲ್ಲಿ ‘ನಾನಿನ್ನೂ ಆಡುತ್ತಿದ್ದೇನೆ’ ಎಂಬ ಭರವಸೆ ಬೇಕಾಗುತ್ತದೆ ಎಂಬುದು ಬೆಕಾಫ್ ಅವರ ವಿವರಣೆ. ಇದಕ್ಕೆ ಎದುರುಮಾತೂ ಇದೆ. ಸಾಕು ನಾಯಿಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಈ ಭಂಗಿ ಹೆಚ್ಚಾಗಿ ಕಾಣಿಸಿದ್ದು ಆಟ ಕ್ಷಣಕಾಲ ನಿಂತಾಗ, ಅದನ್ನು ಮತ್ತೆ ಶುರುಮಾಡುವುದಕ್ಕೆ. ಹಾಗಾಗಿ ಈ ಭಂಗಿಯನ್ನು ಕ್ಷಮೆ ಕೇಳುವ ನಮಸ್ಕಾರವೆಂದು ಬಣ್ಣಿಸುವ ಬರಹಗಳನ್ನು ನಾನು ಸ್ವಲ್ಪ ದೂರದಲ್ಲೇ ಇಟ್ಟು ಓದುತ್ತೇನೆ. ಆದರೆ ಎರಡೂ ಅಧ್ಯಯನಗಳು ಒಪ್ಪುವ ಸಂಗತಿಯೊಂದಿದೆ: ಆಟ ತಾನಾಗಿ ಸಾಗುವುದಿಲ್ಲ, ಅದನ್ನು ಇಬ್ಬರೂ ಮತ್ತೆ ಮತ್ತೆ ಕೂಡಿ ಎತ್ತಿ ನಿಲ್ಲಿಸಬೇಕಾಗುತ್ತದೆ.

ಈ ಸಂಕೇತಗಳನ್ನು ಪ್ರಾಣಿಗಳು ಕುರುಡಾಗಿ ಹೊರಹಾಕುವುದೂ ಇಲ್ಲ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ತೋರಿಸಿದಂತೆ, ಜೊತೆಗಾರ ತನ್ನ ಕಡೆ ಮುಖ ಮಾಡಿರುವಾಗಲೇ ನಾಯಿ ಹೆಚ್ಚಾಗಿ ಆಹ್ವಾನ ಭಂಗಿಯನ್ನು ಬಳಸುತ್ತದೆ; ಜೊತೆಗಾರ ಬೇರೆಡೆ ನೋಡುತ್ತಿದ್ದರೆ ಮೊದಲು ಮೂತಿಯಿಂದ ತಟ್ಟಿಯೋ ಅಡ್ಡ ಹೋಗಿಯೋ ಬೊಗಳಿಯೋ ಗಮನ ಸೆಳೆದು ಅನಂತರ ಕರೆಯುತ್ತದೆ. ಪೀಸಾ ವಿಶ್ವವಿದ್ಯಾಲಯದ ಎಲಿಸಬೆಟ್ಟಾ ಪಲಾಗಿ ಮತ್ತು ಸಂಗಡಿಗರು ನಾಯಿಗಳ ಆಟದಲ್ಲಿ ಇನ್ನೊಂದು ವಿಷಯವನ್ನು ಗುರುತಿಸಿದ್ದಾರೆ: ಒಂದು ನಾಯಿಯ ಬಾಯ್ದೆರೆದ ಆಟದ ಮುಖಭಾವವನ್ನು ಇನ್ನೊಂದು ಕ್ಷಣಾರ್ಧದಲ್ಲಿ ತಾನೂ ತಳೆದಾಗ ಆಟ ಹೆಚ್ಚು ಹೊತ್ತು ನಡೆಯುತ್ತದೆ. ಇಂಥ ಅನುಕರಣೆ ವಾನರಗಳಲ್ಲೂ ಕಂಡುಬಂದಿದೆ.

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಅವರು 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೃಗಾಲಯದಲ್ಲಿ ಮಂಗಗಳ ಆಟವನ್ನು ನೋಡಿ ಕೇಳಿಕೊಂಡ ಪ್ರಶ್ನೆ ಇಲ್ಲಿ ಉಪಯುಕ್ತವಾಗಿದೆ. ಆಟದ ಕಚ್ಚು ನಿಜವಾದ ಕಚ್ಚನ್ನು ಸೂಚಿಸುತ್ತದೆ, ಆದರೆ ನಿಜವಾದ ಕಚ್ಚು ಏನನ್ನು ಸೂಚಿಸುತ್ತಿತ್ತೋ ಅದನ್ನು ಸೂಚಿಸುವುದಿಲ್ಲ ಎಂದು ಅವರು ವಿಶ್ಲೇಷಿಸಿದರು. ಮಾತಿಲ್ಲದ ಪ್ರಾಣಿಗಳು ತಮ್ಮ ವರ್ತನೆಯ ಬಗ್ಗೆಯೇ ಪರಸ್ಪರ ಸೂಚನೆ ಕೊಟ್ಟುಕೊಳ್ಳುತ್ತವೆ ಎಂದರೆ, ಅಲ್ಲಿ ಒಂದು ಬಗೆಯ ಒಪ್ಪಂದ ನಡೆದಿದೆ ಎಂದೇ ಅರ್ಥ. ಒಪ್ಪಂದವಿರುವಲ್ಲಿ ಅದನ್ನು ಮುರಿಯುವ ಸಾಧ್ಯತೆಯೂ ಇರುತ್ತದೆ.

ನನ್ನ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಆಹಾರ, ಸಂಗಾತಿ, ನೆಲೆ ಮುಂತಾದ ವಿಷಯಗಳಲ್ಲಿ ಬಲಶಾಲಿಯಾದ ಪ್ರಾಣಿ ದುರ್ಬಲ ಪ್ರಾಣಿಯನ್ನು ಬಲವಂತದಿಂದ ಮಣಿಸಬಲ್ಲದು. ಆಟದಲ್ಲಿ ಮಾತ್ರ ಅದು ಸಾಧ್ಯವಿಲ್ಲ, ಏಕೆಂದರೆ ಒಲ್ಲದ ಜೊತೆಗಾರನನ್ನು ಹಿಡಿದು ಆಡಿಸಿದರೆ ಅದು ಆಟವಾಗಿ ಉಳಿಯುವುದಿಲ್ಲ. ಎದ್ದುಹೋಗುವ ಸ್ವಾತಂತ್ರ್ಯ ದುರ್ಬಲನಿಗೂ ಇರುವುದರಿಂದಲೇ ಬಲಶಾಲಿಯು ತನ್ನ ಬಲವನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕಾಗುತ್ತದೆ. ಪ್ರಾಣಿಗಳ ನೀತಿವಂತಿಕೆಗೆ ಆಟ ಸಾಕ್ಷಿ ಎನ್ನುವುದಕ್ಕಿಂತ, ಯಾವ ಸನ್ನಿವೇಶದಲ್ಲಿ ನೀತಿಯಂಥದ್ದು ಮೊಳೆಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ ಎನ್ನುವುದು ಹೆಚ್ಚು ಸರಿ.

ಪ್ರಶ್ನೆ: ಒಂದು ಪ್ರಾಣಿ ಆಡುತ್ತಿದೆಯೆಂದು ವಿಜ್ಞಾನಿಗಳು ನಿರ್ಧರಿಸುವುದಾದರೂ ಹೇಗೆ? ಜೇನ್ನೊಣದಂಥ ಕೀಟಗಳೂ ಆಡುತ್ತವೆಂಬ ಸುದ್ದಿ ನಂಬಲರ್ಹವೇ?

ಉತ್ತರ: ಟೆನೆಸೀ ವಿಶ್ವವಿದ್ಯಾಲಯದ ಗಾರ್ಡನ್ ಬರ್ಗಾರ್ಡ್ ಅವರು 2005ರಲ್ಲಿ ಮುಂದಿಟ್ಟ ಐದು ಲಕ್ಷಣಗಳನ್ನು ಈಗ ಬಹುಮಂದಿ ಸಂಶೋಧಕರು ಬಳಸುತ್ತಾರೆ. ಆ ವರ್ತನೆ ಆ ಹೊತ್ತಿನ ಬದುಕಿಗೆ ನೇರವಾಗಿ ಒದಗುವಂಥದ್ದಾಗಿರಬಾರದು. ಪ್ರಾಣಿ ಅದರಲ್ಲಿ ತಾನಾಗಿ, ಅದರ ಸಲುವಾಗಿಯೇ ತೊಡಗಬೇಕು. ಗಂಭೀರ ವರ್ತನೆಗಿಂತ ರೂಪದಲ್ಲೋ ನಡೆಯುವ ವಯಸ್ಸಿನಲ್ಲೋ ಅದು ಬೇರೆಯಾಗಿರಬೇಕು. ಮತ್ತೆ ಮತ್ತೆ ನಡೆಯಬೇಕು, ಆದರೆ ಬೋನಿನಲ್ಲಿ ಸಿಕ್ಕಿದ ಪ್ರಾಣಿ ಹಿಂದಕ್ಕೂ ಮುಂದಕ್ಕೂ ನಡೆಯುವಂಥ ಯಾಂತ್ರಿಕ ಪುನರಾವರ್ತನೆಯಾಗಿರಬಾರದು. ಪ್ರಾಣಿ ಹಸಿವು, ರೋಗ, ಭಯ ಇವುಗಳ ಒತ್ತಡದಲ್ಲಿರಬಾರದು. ಐದೂ ಒಟ್ಟಿಗೆ ಕಾಣಿಸಿದರೆ ಮಾತ್ರ ಆಟ.

ಈ ಅಳತೆಯಿಂದ ನೋಡಿದಾಗ ಅನಿರೀಕ್ಷಿತ ಪ್ರಾಣಿಗಳೂ ಪಟ್ಟಿಗೆ ಸೇರುತ್ತವೆ. ಸಿಯಾಟಲ್‌ನ ಜಲಚರ ಸಂಗ್ರಹಾಲಯದಲ್ಲಿ ಎಂಟು ಆಕ್ಟೋಪಸ್‌ಗಳ ಪೈಕಿ ಎರಡು, ತೇಲುವ ಖಾಲಿ ಸೀಸೆಯ ಮೇಲೆ ನೀರನ್ನು ಚಿಮ್ಮಿಸಿ ಅದು ಸುತ್ತಿ ಬಂದಾಗ ಮತ್ತೆ ಚಿಮ್ಮಿಸುತ್ತಿದ್ದುದನ್ನು 1999ರಲ್ಲಿ ವರದಿ ಮಾಡಲಾಯಿತು. ನೀವು ಓದಿದ ಸುದ್ದಿ ಪ್ರಾಯಶಃ ಜೇನ್ನೊಣದ ಹತ್ತಿರದ ಬಂಧುವಾದ ಬಂಬಲ್ ಬೀ ದುಂಬಿಗಳದ್ದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಲಾರ್ಸ್ ಚಿಟ್ಕಾ ಅವರ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 45 ದುಂಬಿಗಳಿಗೆ, ದಾರಿ ಬಿಟ್ಟು ಪಕ್ಕಕ್ಕೆ ಹೋಗಿ ಸಣ್ಣ ಮರದ ಚೆಂಡುಗಳನ್ನು ಉರುಳಿಸುವ ಅವಕಾಶವಿತ್ತು. ಯಾವ ಬಹುಮಾನವೂ ಇಲ್ಲದಿದ್ದರೂ ಅವು ಮತ್ತೆ ಮತ್ತೆ ಬಂದು ಉರುಳಿಸಿದವು. ಎಳೆಯ ದುಂಬಿಗಳು ಹೆಚ್ಚಾಗಿ ಉರುಳಿಸಿದವು. ಆದರೆ ನಮ್ಮ ಚರ್ಚೆಗೆ ಇವು ಅಷ್ಟಾಗಿ ಒದಗುವುದಿಲ್ಲ. ಚೆಂಡಿನೊಡನೆ ಒಂಟಿಯಾಗಿ ಆಡುವ ಪ್ರಾಣಿ ಯಾರಿಗೂ ಅನ್ಯಾಯ ಮಾಡಲಾರದು. ನೀತಿಯ ಪ್ರಶ್ನೆ ಏಳುವುದು ಇನ್ನೊಂದು ಜೀವದೊಡನೆ ಆಡುವಾಗ ಮಾತ್ರ.

ಪ್ರಶ್ನೆ: ಹಾಗಾದರೆ ಇಲಿಯೊಡನೆ ಬೆಕ್ಕು ಆಡುವುದನ್ನು ಏನೆನ್ನಬೇಕು?

ಉತ್ತರ: ಇಲಿಯ ಮಟ್ಟಿಗೆ ಅದು ಆಟವಲ್ಲ. ಸಂಕೇತ, ಸರದಿ, ಎದ್ದುಹೋಗುವ ಅವಕಾಶ ಇವು ಯಾವುವೂ ಅದಕ್ಕಿಲ್ಲ. ಬೆಕ್ಕಿಗೆ ಅದು ಚಲಿಸುವ ವಸ್ತು ಮಾತ್ರ. ಬೆಕ್ಕಿನ ಹಸಿವು ಮತ್ತು ಬಲಿಯ ಗಾತ್ರ ಇವೆರಡನ್ನೂ ಅವಲಂಬಿಸಿ ಈ ವರ್ತನೆ ಏರಿಳಿಯುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದಿದೆ. ತಿರುಗಿ ಕಚ್ಚಬಲ್ಲ ಬಲಿಯನ್ನು ಕೊಲ್ಲಲು ಹಿಂಜರಿಯುವ ಬೆಕ್ಕು ಅದನ್ನು ದೂರದಿಂದಲೇ ತಟ್ಟಿ ದಣಿಸುತ್ತದೆ. ಇದನ್ನು ಕ್ರೌರ್ಯವೆಂದು ಕರೆಯಬೇಕಾದರೆ ಇಲಿಗೆ ನೋವಾಗುತ್ತಿದೆಯೆಂಬ ಅರಿವು ಬೆಕ್ಕಿಗೆ ಇರಬೇಕಾಗುತ್ತದೆ, ಅದಕ್ಕೆ ಆಧಾರ ಕಾಣೆ.

ಪ್ರಶ್ನೆ: ಆಟದಲ್ಲಿ ಮೋಸ ಮಾಡುವ ಮರಿಗಳನ್ನು ಉಳಿದವು ಬಹಿಷ್ಕರಿಸುತ್ತವೆ, ಅವು ಕೊನೆಗೆ ಸಾಯುತ್ತವೆ ಎಂದು ಕೇಳಿದ್ದೇನೆ. ಪ್ರಕೃತಿಯೇ ಶಿಕ್ಷೆ ಕೊಡುತ್ತದೆ ಎಂದಾಯಿತಲ್ಲವೇ?

ಉತ್ತರ: ಈ ಕಥೆ ಬಹಳ ಕಡೆ ಹರಡಿದೆ, ಹರಡುತ್ತ ಹೋದಂತೆ ಅದರ ಷರತ್ತುಗಳು ಉದುರಿಹೋಗಿವೆ. ಮೂಲ ಇರುವುದು ಅಮೆರಿಕದ ವಯೋಮಿಂಗ್ ಸಂಸ್ಥಾನದ ಗ್ರ್ಯಾಂಡ್ ಟೀಟಾನ್ ರಾಷ್ಟ್ರೀಯ ಉದ್ಯಾನದಲ್ಲಿ ಬೆಕಾಫ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ನಡೆಸಿದ ಕಯೋಟಿಗಳ ಅಧ್ಯಯನದಲ್ಲಿ. ಕಯೋಟಿ ಮರಿಗಳು ನಾಯಿ, ತೋಳಗಳ ಮರಿಗಳಿಗಿಂತ ಹೆಚ್ಚು ಜಗಳಗಂಟಿಗಳು. ಅದಕ್ಕೇ ಇರಬೇಕು, ಆಟದ ಸಂಕೇತಗಳನ್ನು ಅವು ಹೆಚ್ಚು ಜಾಗರೂಕತೆಯಿಂದ ಬಳಸುತ್ತವೆ. ಆಟಕ್ಕೆಂದು ಕರೆದು ನಿಜವಾಗಿಯೇ ಮೇಲೆ ಬೀಳುವ ಮರಿಯ ಜೊತೆ ಉಳಿದವು ಆಡಲು ಹಿಂಜರಿಯುತ್ತವೆ. ಹೀಗೆ ಜೊತೆ ಸಿಗದ ಮರಿಗಳಿಗೆ ಗುಂಪಿನೊಡನೆ ನಂಟು ಸಡಿಲವಾಗಿ, ಅವು ಬೇಗ ಗುಂಪನ್ನು ಬಿಟ್ಟುಹೋಗುವ ಸಂಭವ ಹೆಚ್ಚು ಎಂಬುದು ಬೆಕಾಫ್ ಅವರ ಅಭಿಪ್ರಾಯ. ಗುಂಪು ಬಿಟ್ಟ ಒಂದು ವರ್ಷದ ಕಯೋಟಿಗಳಲ್ಲಿ ಸುಮಾರು ಶೇ. 55ರಷ್ಟು ಸತ್ತವೆಂದೂ, ಗುಂಪಿನಲ್ಲೇ ಉಳಿದವುಗಳಲ್ಲಿ ಸತ್ತವು ಶೇ. 20ಕ್ಕಿಂತ ಕಡಿಮೆಯೆಂದೂ ಅವರು ದಾಖಲಿಸಿದ್ದಾರೆ.

ಈ ಸರಪಳಿಯ ಎರಡು ತುದಿಗಳು ಸಾಕಷ್ಟು ಗಟ್ಟಿಯಾಗಿವೆ: ಒರಟು ಮರಿಗೆ ಜೊತೆಗಾರರು ಕಡಿಮೆ ಎಂಬುದು ಒಂದು, ಒಂಟಿಯಾದ ಕಯೋಟಿಗೆ ಅಪಾಯ ಹೆಚ್ಚು ಎಂಬುದು ಇನ್ನೊಂದು. ನಡುವಿನ ಕೊಂಡಿ ಮಾತ್ರ ದುರ್ಬಲ. ಗುಂಪು ಬಿಡುವುದಕ್ಕೆ ಆಟದ ಒರಟುತನವಲ್ಲದೆ ಆಹಾರದ ಅಭಾವ, ಗುಂಪಿನೊಳಗಿನ ಸ್ಥಾನಮಾನ, ಮರಿಯ ದೇಹಸ್ಥಿತಿ ಮುಂತಾದ ಹತ್ತು ಕಾರಣಗಳಿರಬಹುದು. ಮರಿ ಮೊದಲೇ ಅಶಕ್ತವಾಗಿದ್ದರೆ ಅದು ಆಟದಲ್ಲೂ ಎಡವಬಹುದು, ಮುಂದೆ ಸಾಯಲೂಬಹುದು. ಆಗ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಆದ್ದರಿಂದ ‘ಮೋಸ ಮಾಡಿದವನಿಗೆ ಮರಣದಂಡನೆ’ ಎಂಬಂತೆ ಇದನ್ನು ಹೇಳುವುದು ಸಲ್ಲದು.

ಇನ್ನೊಂದು ಮಾತೂ ಇದೆ. ಜೊತೆಗೆ ಆಡಲು ಒಲ್ಲೆನೆನ್ನುವುದು ಶಿಕ್ಷೆಯಲ್ಲ. ಶಿಕ್ಷಿಸುವವನು ತಪ್ಪಿತಸ್ಥನನ್ನು ತಿದ್ದಲೋ ಬೆದರಿಸಲೋ ತಾನೂ ಸ್ವಲ್ಪ ನಷ್ಟ ಅನುಭವಿಸಿ ಮುಂದಾಗುತ್ತಾನೆ. ದೂರ ಸರಿಯುವ ಮರಿಯಾದರೋ ತನ್ನನ್ನು ತಾನು ನೋವಿನಿಂದ ಕಾಪಾಡಿಕೊಳ್ಳುತ್ತದೆ, ಅಷ್ಟೇ. ಹೀಗೆ ಪ್ರತಿಯೊಂದೂ ತನ್ನ ಕ್ಷೇಮವನ್ನು ಮಾತ್ರ ನೋಡಿಕೊಂಡರೂ, ಒಟ್ಟು ಪರಿಣಾಮವಾಗಿ ನಂಬಿಕೆಗೆ ಅರ್ಹವಾದ ಮರಿಗೆ ಹೆಚ್ಚು ಜೊತೆಗಾರರು, ಅನರ್ಹವಾದದ್ದಕ್ಕೆ ಕಡಿಮೆ ಜೊತೆಗಾರರು ಎಂಬ ಏರ್ಪಾಡು ರೂಪುಗೊಳ್ಳುತ್ತದೆ. ಯಾರೂ ನ್ಯಾಯಾಧೀಶರಾಗದೆಯೇ ನ್ಯಾಯದಂಥದ್ದು ನಡೆಯುವುದು ನನಗೆ ಶಿಕ್ಷೆಯ ಕಥೆಗಿಂತ ಹೆಚ್ಚು ಕುತೂಹಲಕರವಾಗಿ ತೋರುತ್ತದೆ.

ಪ್ರಶ್ನೆ: ದೊಡ್ಡ ಇಲಿಯು ಚಿಕ್ಕ ಇಲಿಗೆ ಶೇ. 30ರಷ್ಟು ಸಲವಾದರೂ ಗೆಲ್ಲಲು ಬಿಡದಿದ್ದರೆ ಚಿಕ್ಕದು ಆಟವನ್ನೇ ನಿಲ್ಲಿಸುತ್ತದೆಯಂತೆ. ಇದು ನಿಜವೇ?

ಉತ್ತರ: ಇಲಿಗಳ ಆಟದ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಯಾಕ್ ಪಾಂಕ್ಸೆಪ್ ಅವರ ಹೆಸರಿನಲ್ಲಿ ಈ ಮಾತು ಪ್ರಚಾರದಲ್ಲಿದೆ. ಒಂದೇ ಪಕ್ಷ ಸದಾ ಗೆಲ್ಲುತ್ತಿದ್ದರೆ ಆಟ ಸೊರಗುತ್ತದೆ ಎಂಬ ಮಟ್ಟಿಗೆ ಅದು ಸರಿ. ಆದರೆ ಮೂವತ್ತು ಎಂಬ ಸಂಖ್ಯೆಯನ್ನು ಎಲ್ಲ ಪ್ರಾಣಿಗಳಿಗೂ ಅನ್ವಯಿಸುವ ನಿಯಮವೆಂದು ತಿಳಿಯಬಾರದು. ನಾಯಿಗಳ ಆಟದಲ್ಲಿ ಸೋಲು ಗೆಲುವು ಸಮಪಾಲಾಗಿರಬೇಕೇ ಎಂದು ಬಾರ್ಬರಾ ಸ್ಮಟ್ಸ್ ಮತ್ತು ಎರಿಕಾ ಬೌವರ್ ಅವರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹಾಗೇನೂ ಇರಬೇಕಾಗಿಲ್ಲ. ಅನೇಕ ಜೋಡಿಗಳು ತೀರಾ ಅಸಮವಾಗಿದ್ದರೂ ಆಟ ಮುಂದುವರಿಸುತ್ತವೆ.

ಸಂಖ್ಯೆಗಿಂತ ಆಟದ ಬಗೆಯೇ ಹೆಚ್ಚು ಸ್ವಾರಸ್ಯಕರ. ಕೆನಡದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸರ್ಜಿಯೊ ಪೆಲ್ಲಿಸ್ ಮತ್ತು ವಿವಿಯನ್ ಪೆಲ್ಲಿಸ್ ದಂಪತಿ ಇಲಿಗಳ ಆಟದ ಕಾದಾಟ ನಿಜ ಕಾದಾಟಕ್ಕಿಂತ ಗುರಿಯಲ್ಲೇ ಬೇರೆ ಎಂದು ತೋರಿಸಿದರು. ನಿಜ ಕಾದಾಟದಲ್ಲಿ ಇಲಿಯು ಎದುರಾಳಿಯ ಬೆನ್ನಿನ ಹಿಂಭಾಗವನ್ನು ಕಚ್ಚಲು ನೋಡುತ್ತದೆ. ಆಟದಲ್ಲಿ ಕುತ್ತಿಗೆಯ ಹಿಂಬದಿಗೆ ಮೂತಿ ತಾಗಿಸಿದರೆ ಸಾಕು, ಅದೇ ಗೆಲುವು. ಎದುರಾಳಿಯನ್ನು ಕೆಡವಿದ ಇಲಿ ಅದನ್ನು ಅಲ್ಲೇ ಒತ್ತಿಹಿಡಿಯುವ ಬದಲು ತನ್ನ ಸಮತೋಲವನ್ನು ತಾನೇ ಸಡಿಲಿಸಿಕೊಳ್ಳುವಂತೆ ಕಾಲೂರುತ್ತದೆ, ಇದರಿಂದ ಕೆಳಗಿರುವ ಇಲಿಗೆ ತಿರುಗಿಬೀಳಲು ಎಡೆ ಸಿಗುತ್ತದೆ. ಒಂದೇ ಸೂಲಿನ ನಾಯಿಮರಿಗಳ ಆಟದಲ್ಲಿ ಗಂಡುಮರಿಗಳು ಹೆಣ್ಣುಮರಿಗಳ ಎದುರು ತಾವಾಗಿ ಕೆಳಗೆ ಬೀಳುವುದು, ಕಚ್ಚುವ ಅವಕಾಶ ಕೊಡುವುದು 2008ರ ಅಧ್ಯಯನವೊಂದರಲ್ಲಿ ಕಂಡುಬಂದಿತು. ಇದನ್ನು ಔದಾರ್ಯವೆನ್ನಬಹುದು, ಆಟ ಮುಗಿಯದಿರಲಿ ಎಂಬ ಆಸೆಯೆನ್ನಬಹುದು. ಹೊರಗಿನಿಂದ ನೋಡುವವರಿಗೆ ಎರಡರ ನಡುವೆ ಗೆರೆ ಎಳೆಯಲು ದಾರಿಯಿಲ್ಲ. ಮನುಷ್ಯರ ಔದಾರ್ಯದಲ್ಲೂ ಆ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ ಎಂಬುದು ಆ ಮಾತಿನ ಇನ್ನೊಂದು ಮುಖ.

ಪ್ರಶ್ನೆ: ಆಟಕ್ಕೆ ಶಕ್ತಿ ಬೇಕು, ಅಪಾಯವೂ ಉಂಟು. ನೈಸರ್ಗಿಕ ಆಯ್ಕೆ ಇಂಥ ದುಂದನ್ನು ಏಕೆ ಸಹಿಸಿಕೊಂಡಿದೆ?

ಉತ್ತರ: ಅಪಾಯ ಎಷ್ಟು ದೊಡ್ಡದೆಂಬುದಕ್ಕೆ ಪೆರು ದೇಶದ ಕರಾವಳಿಯ ತುಪ್ಪಳ ಸೀಲ್‌ಗಳೇ ಉದಾಹರಣೆ. ರಾಬರ್ಟ್ ಹಾರ್ಕೋರ್ಟ್ ಅವರು 1991ರಲ್ಲಿ ವರದಿ ಮಾಡಿದಂತೆ, ಕಡಲ ಸಿಂಹಗಳಿಗೆ ಬಲಿಯಾದ 26 ಮರಿಗಳಲ್ಲಿ 22 ಮರಿಗಳು ಸಾಯುವ ಹೊತ್ತಿನಲ್ಲಿ ನೀರಂಚಿನಲ್ಲಿ ಆಡುತ್ತಿದ್ದವು. ಇಷ್ಟು ಬೆಲೆ ತೆತ್ತೂ ಆಟ ಉಳಿದಿದೆಯೆಂದರೆ ಅದರಿಂದ ಬರುವ ಲಾಭವೂ ಕಡಿಮೆಯದಾಗಿರಲಾರದು ಎಂದು ಊಹಿಸುವುದು ಸಹಜ. ಅಲಾಸ್ಕದಲ್ಲಿ ರಾಬರ್ಟ್ ಫೇಗನ್ ಮತ್ತು ಜೊಹಾನ್ನಾ ಫೇಗನ್ ಅವರು ಕಂದು ಕರಡಿಗಳನ್ನು ಹಿಂಬಾಲಿಸಿ, ಹೆಚ್ಚು ಆಡಿದ ಮರಿಗಳು ಹೆಚ್ಚಾಗಿ ಬದುಕುಳಿದುದನ್ನು ಕಂಡರು.

ಆದರೆ ಯಾವ ಲಾಭ ಎಂದು ಕೇಳಿದೊಡನೆ ಉತ್ತರ ತೊಡಕಾಗುತ್ತದೆ. ಆಫ್ರಿಕದ ಕಲಹಾರಿ ಮರುಭೂಮಿಯಲ್ಲಿ ಮುಂಗುಸಿಯ ಬಂಧುಗಳಾದ ಮೀರ್‌ಕ್ಯಾಟ್‌ಗಳನ್ನು ಅಭ್ಯಸಿಸಿದ ಲಿಂಡಾ ಶಾರ್ಪ್ ಅವರು ಸಾಮಾನ್ಯವಾಗಿ ಹೇಳಲಾಗುವ ಲಾಭಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹೆಚ್ಚು ಆಡಿದ ಮರಿ ದೊಡ್ಡದಾದ ಮೇಲೆ ಕಾದಾಟದಲ್ಲಿ ಹೆಚ್ಚು ಗೆಲ್ಲಲಿಲ್ಲ. ಆಟದಿಂದ ಜಗಳ ಕಡಿಮೆಯಾಗಲಿಲ್ಲ. ಒಟ್ಟಿಗೆ ಆಡಿದವರ ನಡುವೆ ವಿಶೇಷವಾದ ನಂಟೂ ಬೆಳೆದಂತೆ ಕಾಣಲಿಲ್ಲ. ಆಟದಿಂದ ಸ್ನೇಹ, ಸ್ನೇಹದಿಂದ ನೀತಿ ಎಂಬ ಸುಂದರ ಏಣಿಯನ್ನು ಕಟ್ಟುವವರು ಈ ಫಲಿತಾಂಶವನ್ನು ದಾಟಿ ಹೋಗುವಂತಿಲ್ಲ. ಎಲ್ಲ ಪ್ರಾಣಿಗಳಲ್ಲೂ ಆಟಕ್ಕೆ ಒಂದೇ ಪ್ರಯೋಜನ ಇರಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುವ ಕನಿಷ್ಠ ಸಂಗತಿ. ಮಾರೆಕ್ ಶ್ಪಿಂಕಾ, ರೂತ್ ನ್ಯೂಬೆರಿ ಮತ್ತು ಬೆಕಾಫ್ ಅವರು 2001ರಲ್ಲಿ ಮಂಡಿಸಿದ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಆಟದಲ್ಲಿ ಪ್ರಾಣಿ ಬೇಕೆಂದೇ ಆಯತಪ್ಪಿ, ಹಿಡಿತ ಕಳೆದುಕೊಂಡು, ಮತ್ತೆ ಹಿಡಿತಕ್ಕೆ ಬರುವುದನ್ನು ಕಲಿಯುತ್ತದೆ, ಅಂದರೆ ಅದು ಅನಿರೀಕ್ಷಿತಕ್ಕೆ ನಡೆಸುವ ತಾಲೀಮು. ಆ ವಾದದಲ್ಲಿ ದೇಹದ ಆಯದಷ್ಟೇ ಮನಸ್ಸಿನ ಆಯವೂ ಮುಖ್ಯ. ನೋವಾದಾಗ ಕೆರಳದೆ ಆಟದಲ್ಲೇ ಉಳಿಯುವ ಸಾಮರ್ಥ್ಯವಿಲ್ಲದೆ ಯಾವ ಒಪ್ಪಂದವೂ ಬಾಳುವುದಿಲ್ಲ.

ಪ್ರಶ್ನೆ: ಇಲಿಗಳು ನಗುತ್ತವೆಯಂತೆ. ಇಂಥ ಕೆಳಮಟ್ಟದ ಮಿದುಳಿನ ಪ್ರತಿಕ್ರಿಯೆಗಳಿಗೂ ಮನುಷ್ಯನ ವಿವೇಕಕ್ಕೂ ಸಂಬಂಧ ಕಲ್ಪಿಸುವುದು ಅತಿಯಾಗಲಿಲ್ಲವೇ?

ಉತ್ತರ: ಆಡುವಾಗಲೂ ಕಚಗುಳಿಯಿಟ್ಟಾಗಲೂ ಇಲಿಗಳು ಸುಮಾರು 50 ಕಿಲೋಹರ್ಟ್ಸ್ ಆವರ್ತನದ, ನಮ್ಮ ಕಿವಿಗೆ ಕೇಳಿಸದ ಧ್ವನಿ ಹೊರಡಿಸುತ್ತವೆ ಎಂದು ಪಾಂಕ್ಸೆಪ್ ಅವರ ಪ್ರಯೋಗಾಲಯ 1990ರ ದಶಕದ ಕೊನೆಯಲ್ಲಿ ಕಂಡುಕೊಂಡಿತು. ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಮೈಕೆಲ್ ಬ್ರೆಕ್ಟ್ ಅವರ ತಂಡ 2019ರಲ್ಲಿ ಇಲಿಗಳಿಗೆ ಮನುಷ್ಯರೊಡನೆ ಕಣ್ಣಾಮುಚ್ಚಾಲೆ ಆಡುವುದನ್ನು ಕಲಿಸಿತು. ಬಹುಮಾನವಾಗಿ ಕೊಟ್ಟದ್ದು ಆಹಾರವಲ್ಲ, ಕಚಗುಳಿ ಮತ್ತು ಒಡನಾಟ. ಅಡಗುವ ಸರದಿ ಬಂದಾಗ ಇಲಿಗಳು ಸದ್ದಿಲ್ಲದೆ ಕೂರುತ್ತಿದ್ದವು, ಹುಡುಕುವಾಗ ಮಾತ್ರ ಸದ್ದು ಮಾಡುತ್ತಿದ್ದವು.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬಲ್ಲ ಪ್ರಯೋಗಗಳು ಬೇರೆ. ಮಿದುಳಿನ ಹೊರಪದರವಾದ ಕಾರ್ಟೆಕ್ಸನ್ನು ಎಳವೆಯಲ್ಲೇ ತೆಗೆದರೂ ಇಲಿಗಳು ಉತ್ಸಾಹದಿಂದ ಆಡುತ್ತವೆ. ಆಡುವ ಹಂಬಲದ ಮೂಲ ಇನ್ನೂ ಕೆಳಗೆ, ಮಿದುಳಿನ ಹಳೆಯ ಭಾಗಗಳಲ್ಲಿದೆ. ಆದರೆ ಅಂಥ ಇಲಿಗಳ ಆಟದಲ್ಲಿ ಒಂದು ಕೊರತೆ ಉಳಿಯುತ್ತದೆ. ಕಣ್ಣಿನ ಗೂಡಿನ ಮೇಲ್ಭಾಗದಲ್ಲಿರುವ ಮುಂಭಾಗದ ಕಾರ್ಟೆಕ್ಸ್‌ಗೆ ಹಾನಿಯಾದ ಇಲಿಯು ಎದುರಿಗಿರುವವನು ಯಜಮಾನ ಗಂಡೋ ಸಮಾನನೋ ಎಂಬುದಕ್ಕೆ ತಕ್ಕಂತೆ ತನ್ನ ಆಟವನ್ನು ಹೊಂದಿಸಿಕೊಳ್ಳಲಾರದು ಎಂದು ಪೆಲ್ಲಿಸ್ ಅವರ ತಂಡ 2006ರಲ್ಲಿ ತೋರಿಸಿತು. ಮುಂದುವರಿದು 2010ರಲ್ಲಿ, ಎಳವೆಯಲ್ಲಿ ಸಿಕ್ಕ ಆಟದ ಅನುಭವವೇ ಈ ಮುಂಭಾಗದ ಕಾರ್ಟೆಕ್ಸ್‌ನ ನರಕೋಶಗಳ ಕವಲುಗಳನ್ನು ಬದಲಿಸುತ್ತದೆ ಎಂದು ಅವರೂ ಸಂಗಡಿಗರೂ ಕಂಡುಕೊಂಡರು. ಹಂಬಲ ಹಳೆಯದು, ಹತೋಟಿ ಹೊಸದು, ಮತ್ತು ಆ ಹತೋಟಿಯನ್ನು ರೂಪಿಸುವುದರಲ್ಲಿ ಆಟಕ್ಕೂ ಪಾಲಿದೆ. ಮನುಷ್ಯನಲ್ಲೂ ಮುಂಭಾಗದ ಕಾರ್ಟೆಕ್ಸ್‌ಗೆ ಪೆಟ್ಟಾದವರಿಗೆ ಸಮಯ ಸಂದರ್ಭ ನೋಡಿ ನಡೆಯುವುದು ಕಷ್ಟವಾಗುತ್ತದೆ. ಸಂಬಂಧ ಕಲ್ಪಿಸುವುದು ಅತಿಯಲ್ಲ ಎನ್ನಲು ಇಷ್ಟು ಸಾಕು. ಎರಡೂ ಒಂದೇ ಎನ್ನಲು ಸಾಲದು.

ಪ್ರಶ್ನೆ: ವಿಕಾಸವಾದ ಎಂದರೆ ಬಲಿಷ್ಠರ ಉಳಿವು ಎಂದೇ ನಾವು ಕಲಿತಿದ್ದೇವೆ. ಅದರಿಂದ ನೀತಿ ಹುಟ್ಟುವುದು ಹೇಗೆ? ಡಾರ್ವಿನ್ ಅವರು ಏನು ಹೇಳಿದ್ದಾರೆ?

ಉತ್ತರ: ಈ ವಾದ ಡಾರ್ವಿನ್ ಅವರ ಕಾಲದಿಂದಲೇ ಇದೆ. ಅವರ ಆಪ್ತ ಬೆಂಬಲಿಗರಾಗಿದ್ದ ಥಾಮಸ್ ಹಕ್ಸ್‌ಲಿ ಅವರು 1893ರ ತಮ್ಮ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ, ನೀತಿ ಎಂಬುದು ಪ್ರಕೃತಿಯ ಹರಿವಿಗೆ ವಿರುದ್ಧವಾಗಿ ಮನುಷ್ಯ ಕಟ್ಟಿದ್ದು ಎಂದರು. ಪೀಟರ್ ಕ್ರೊಪೋಟ್‌ಕಿನ್ ಅವರು 1902ರಲ್ಲಿ, ಸೈಬೀರಿಯದ ಚಳಿಯಲ್ಲಿ ಪ್ರಾಣಿಗಳು ಒಂದಕ್ಕೊಂದು ಒತ್ತಾಸೆಯಾಗಿ ಬದುಕುವುದನ್ನು ಕಂಡ ಅನುಭವದಿಂದ, ಪರಸ್ಪರ ನೆರವೇ ವಿಕಾಸದ ಮುಖ್ಯ ಅಂಶವೆಂದು ವಾದಿಸಿದರು. ಡಾರ್ವಿನ್ ಅವರು 1871ರಲ್ಲೇ ಹೇಳಿದ್ದು ಇವೆರಡಕ್ಕಿಂತಲೂ ಸೂಕ್ಷ್ಮವಾಗಿದೆ: ಸಾಮಾಜಿಕ ಸಹಜಪ್ರವೃತ್ತಿಗಳು ಚೆನ್ನಾಗಿ ಬೆಳೆದಿರುವ ಯಾವುದೇ ಪ್ರಾಣಿಯ ಬುದ್ಧಿಶಕ್ತಿ ಮನುಷ್ಯನಷ್ಟು ವಿಕಾಸಗೊಂಡರೆ ಅದಕ್ಕೆ ಮನಸ್ಸಾಕ್ಷಿ ಬಂದೇ ತೀರುತ್ತದೆ. ಆದರೆ ಆ ಮನಸ್ಸಾಕ್ಷಿ ನಮ್ಮದರಂತೆಯೇ ಇರಬೇಕಾಗಿಲ್ಲ ಎಂದೂ ಅವರು ಒಡನೆಯೇ ಎಚ್ಚರಿಸಿದರು. ಮನುಷ್ಯರು ಜೇನುಗೂಡಿನಂಥ ಪರಿಸ್ಥಿತಿಯಲ್ಲಿ ಬೆಳೆದಿದ್ದರೆ, ಕೆಲಸಗಾರ ಹುಳುಗಳಂತೆ ಅವಿವಾಹಿತ ಹೆಣ್ಣುಮಕ್ಕಳು ತಮ್ಮ ಸೋದರರನ್ನು ಕೊಲ್ಲುವುದೇ ಪವಿತ್ರ ಕರ್ತವ್ಯವೆಂದು ಭಾವಿಸುತ್ತಿದ್ದರು ಎಂಬುದು ಅವರು ಕೊಟ್ಟ ಉದಾಹರಣೆ.

ಪ್ರಾಣಿಗಳ ಒಳ್ಳೆಯತನದ ಕಥೆಗಳನ್ನು ಸಂಭ್ರಮದಿಂದ ಹಂಚಿಕೊಳ್ಳುವವರು ಈ ಎರಡನೆಯ ಮಾತನ್ನು ಮರೆಯುತ್ತಾರೆ. ಟಾಂಜಾನಿಯಾದ ಗೊಂಬೆ ಎಂಬ ಕಾಡುಪ್ರದೇಶದಲ್ಲಿ ಜೇನ್ ಗುಡಾಲ್ ಅವರು ಅಭ್ಯಸಿಸುತ್ತಿದ್ದ ಚಿಂಪಾಂಜಿಗಳ ಸಮುದಾಯ ಎರಡಾಗಿ ಒಡೆದ ಮೇಲೆ, 1974ರಿಂದ 1978ರವರೆಗೆ ಒಂದು ಪಂಗಡ ಇನ್ನೊಂದರ ಗಂಡುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೊಂದಿತು. ಹಿಂದೆ ಅವು ಒಂದೇ ಸಮುದಾಯದ ಪ್ರಾಣಿಗಳು. ಆಟದಲ್ಲಿ ಕಲಿತ ಸಂಯಮ ಆಟದ ಜೊತೆಗಾರರ ವಲಯದೊಳಗೆ ಸಲ್ಲುತ್ತದೆ. ವಲಯದ ಆಚೆಗೆ ಅದು ತಾನಾಗಿ ಚಾಚಿಕೊಳ್ಳುತ್ತದೆಂಬ ಖಾತರಿ ಇಲ್ಲ.

ಪ್ರಶ್ನೆ: ಕೊನೆಗೂ ಮಕ್ಕಳ ಆಟಕ್ಕೂ ಪ್ರಾಣಿಗಳ ಆಟಕ್ಕೂ ವ್ಯತ್ಯಾಸವಿದೆಯೇ? ಇದ್ದರೆ ಎಲ್ಲಿದೆ?

ಉತ್ತರ: ಇದೆ, ಮತ್ತು ಅದು ಬಹಳ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಹಾನೆಸ್ ರಾಕೋಟ್ಸಿ, ಫೀಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಾಸೆಲ್ಲೊ ಅವರು 2008ರಲ್ಲಿ ಎರಡು ಮತ್ತು ಮೂರು ವರ್ಷದ ಮಕ್ಕಳಿಗೆ ಹೊಸದೊಂದು ಆಟವನ್ನು ಪರಿಚಯಿಸಿ, ಅನಂತರ ಒಂದು ಬೊಂಬೆ ಅದನ್ನು ತಪ್ಪಾಗಿ ಆಡುವಂತೆ ಮಾಡಿದರು. ಮಕ್ಕಳು ಪ್ರತಿಭಟಿಸಿದರು, ಮೂರು ವರ್ಷದವರಂತೂ ‘ಹಾಗೆ ಆಡಬಾರದು’ ಎಂಬರ್ಥದ ಮಾತನ್ನೇ ಆಡಿದರು. ಬೊಂಬೆಯ ತಪ್ಪಿನಿಂದ ಮಗುವಿಗೆ ಯಾವ ನಷ್ಟವೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ತನಗೆ ಕಚ್ಚಿದವನಿಂದ ದೂರ ಸರಿಯುವುದು ಒಂದು. ಯಾರೋ ಯಾವುದೋ ನಿಯಮವನ್ನು ಮುರಿದರೆಂದು ತನಗೆ ಸಂಬಂಧವಿಲ್ಲದಿದ್ದರೂ ಆಕ್ಷೇಪಿಸುವುದು ಇನ್ನೊಂದು. ನಾಯಿಗಳ, ಕಯೋಟಿಗಳ ಆಟದಲ್ಲಿ ಮೊದಲನೆಯದು ಹೇರಳವಾಗಿ ಕಾಣುತ್ತದೆ. ಎರಡನೆಯದಕ್ಕೆ ಸರಿಸಾಟಿಯಾದದ್ದು ನನ್ನ ಓದಿನಲ್ಲಿ ಸಿಕ್ಕಿಲ್ಲ. ಇನ್ನೂ ಮುಂದಿನ ಮೆಟ್ಟಿಲನ್ನು ಮನೋವಿಜ್ಞಾನಿ ಜ್ಯಾನ್ ಪಿಯಾಜೆ ಅವರು 1932ರಲ್ಲಿ ಗೋಲಿಯಾಡುವ ಹುಡುಗರಲ್ಲಿ ಗುರುತಿಸಿದ್ದರು: ಚಿಕ್ಕವರು ನಿಯಮಗಳು ಹಿರಿಯರಿಂದ ಬಂದವು, ಬದಲಿಸಲಾಗದವು ಎಂದು ನಂಬಿದರೆ, ಹತ್ತು ಹನ್ನೊಂದರ ಆಚೀಚಿನವರು ಎಲ್ಲರೂ ಒಪ್ಪಿದರೆ ನಿಯಮವನ್ನು ಬದಲಿಸಬಹುದು ಎಂದು ಅರಿತಿದ್ದರು.

ಮೂರನೆಯವರ ಮಧ್ಯಪ್ರವೇಶ ಪ್ರಾಣಿಗಳಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಜೆಸ್ಸಿಕಾ ಫ್ಲ್ಯಾಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗುಂಪಿನೊಳಗಿನ ಜಗಳಗಳನ್ನು ಪಕ್ಷಪಾತವಿಲ್ಲದೆ ಬಿಡಿಸುತ್ತಿದ್ದ ಪ್ರಬಲ ಮಕಾಕ್ ಮಂಗಗಳನ್ನು ಸ್ವಲ್ಪ ಕಾಲ ಹೊರಗಿಟ್ಟಾಗ ಜಗಳಗಳು ಹೆಚ್ಚಿದವು, ಉಳಿದ ಮಂಗಗಳ ಆಟದ ಒಡನಾಟದ ವ್ಯಾಪ್ತಿ ಕುಗ್ಗಿತು. ಜಗಳ ಬಿಡಿಸುವವನಿದ್ದರೆ ಹೆಚ್ಚು ಮಂದಿಯೊಡನೆ ಆಡುವ ಧೈರ್ಯ ಬರುತ್ತದೆ ಎಂದು ಇದರ ತಾತ್ಪರ್ಯ. ಆದರೂ ಆ ಮಂಗ ಜಗಳವನ್ನು ನಿಲ್ಲಿಸುತ್ತದೆಯೇ ಹೊರತು, ತಪ್ಪು ಯಾರದೆಂದು ವಿಚಾರಿಸುವುದಿಲ್ಲ.

ಗೆರೆಯನ್ನು ತೀರಾ ಗಟ್ಟಿಯಾಗಿ ಎಳೆಯುವುದೂ ಕ್ಷೇಮವಲ್ಲ. ಆಟದ ನಡುವೆ ದೊಡ್ಡವರು ಸುಮ್ಮನೆ ನಿಂತುಬಿಟ್ಟರೆ ಪುಟ್ಟ ಮಕ್ಕಳು ಅವರನ್ನು ಮತ್ತೆ ಕರೆದು ಆಟಕ್ಕೆ ಎಳೆಯುತ್ತಾರೆ, ಚಿಂಪಾಂಜಿಗಳು ಹಾಗೆ ಮಾಡುವುದಿಲ್ಲ ಎಂದು 2006ರಲ್ಲಿ ವಾರ್ನೆಕೆನ್ ಮತ್ತು ತೊಮಾಸೆಲ್ಲೊ ಅವರು ವರದಿ ಮಾಡಿದಾಗ, ಹಂಚಿಕೊಂಡ ಉದ್ದೇಶ ಎಂಬುದು ಮನುಷ್ಯರ ಸ್ವತ್ತೇ ಎಂದು ಹಲವರಿಗೆ ಅನ್ನಿಸಿತ್ತು. ಆ ಪ್ರಯೋಗದಲ್ಲಿ ಇದ್ದದ್ದು ಮನುಷ್ಯರ ನಡುವೆ ಬೆಳೆದ ಮೂರು ಚಿಂಪಾಂಜಿಗಳು ಮಾತ್ರ. ಅನಂತರ 2020ರಲ್ಲಿ ಪ್ರಕಟವಾದ, ಚಿಂಪಾಂಜಿಗಳ ಹತ್ತಿರದ ಬಂಧುಗಳಾದ ಬೊನೊಬೊಗಳ ಅಧ್ಯಯನದಲ್ಲಿ, ಪರಸ್ಪರರ ಮೈ ಹೆಕ್ಕುವಂಥ ಜಂಟಿ ಚಟುವಟಿಕೆಗಳನ್ನು ನಡುವೆ ತಡೆದಾಗ ಅವು ಬಿಟ್ಟಲ್ಲಿಂದ, ಹೆಚ್ಚಾಗಿ ಮೊದಲಿನ ಜೊತೆಗಾರನೊಡನೆಯೇ, ಪುನಃ ಆರಂಭಿಸಿದ್ದು ಕಂಡುಬಂದಿದೆ.